ಒಂದು ಬೂಂದಿಯ ದಪ್ಪ

ನನ್ನ ನಾದಿನಿಯ ಮದುವೆ ನಿಶ್ಚಯವಾದಾಗ ಯುದ್ಧದ ಕಾಲ, ಸಕ್ಕರೆಗೆ ರೇಷನ್ನು. ಅಂಥದ್ದರಲ್ಲಿ ಕೊಡಿಗೇನಹಳ್ಳಿಯ ಬೀಗಿತ್ತಿ ಪುರವರದ ನಮ್ಮ ಮನೆಯ ಜಗಲಿಯಲ್ಲಿ ಕೂತು, ಎರಡೂ ಅಂಗೈ ಅಗಲಿಸಿ, "ಹೆಣ್ಣಿನ ಜೊತೆ ಬರೋ ಲಾಡು ಇಷ್ಟು ದಪ್ಪ ಇರ್ಬೇಕು ಕಣಮ್ಮ, ಊರೆಲ್ಲ ನೋಡ್ತದೆ" ಅಂದರು. ನಮ್ಮ ಮನೆಯ ಲಾಡು ಎರಡು ಅಂಗುಲ ಅಗಲ. ಆಕೆ ತೋರಿಸಿದ್ದು ನಾಲ್ಕು. "ಎರಡರಷ್ಟು ತಾನೆ, ಮಾಡುಸ್ತೀವಿ ಬುಡಿ" ಎಂದು ನನ್ನ ಅತ್ತೆ ಒಪ್ಪಿಬಿಟ್ಟರು. ಅವರಿವರನ್ನು ಕಾಡಿ ಬೇಡಿ ಎರಡರಷ್ಟು ಸಕ್ಕರೆಯನ್ನೂ ಕೂಡಿಹಾಕಿದರು.

ಆಗ ಅಡ್ಡ ಬಂತು ನೋಡಿ ನನ್ನ ಬುದ್ಧಿವಂತಿಕೆ, ಅದಕ್ಕಿಷ್ಟು ಬೆಂಕಿ ಹಾಕ. ನನ್ನ ಅಪ್ಪ ಮಧುಗಿರಿಯಲ್ಲಿ ಮೇಷ್ಟರು. ಅಡಿಗೆಮನೆಯ ಸೇರು, ಪಾವುಗಳ ಬಾಯಿಗೆ ದಾರ ಹಿಡಿಸಿ, ವ್ಯಾಸ ಅಳೆಸಿ, ಒಳಗೆ ಎಷ್ಟು ಹಿಡಿಯುತ್ತದೆಂದು ಲೆಕ್ಕ ಹಾಕಿಸುತ್ತಿದ್ದರು. ಸೇರಾದ ಮೇಲೆ ಚೆಂಡು. ವ್ಯಾಸವನ್ನು ವ್ಯಾಸದಿಂದ, ಮತ್ತೊಮ್ಮೆ ವ್ಯಾಸದಿಂದ ಗುಣಿಸಿ, ಬಂದದ್ದನ್ನು ಹನ್ನೊಂದರಿಂದ ಗುಣಿಸಿ ಇಪ್ಪತ್ತೊಂದರಿಂದ ಭಾಗಿಸು ಅನ್ನುತ್ತಿದ್ದರು. ಅಗಲ ಎರಡರಷ್ಟಾದರೆ ಒಳಗಿನದು ಎಂಟರಷ್ಟಾಗುತ್ತದೆ. ಎರಡರಷ್ಟು ಸಕ್ಕರೆ ಸಾಲದು, ಎಂಟರಷ್ಟು ಬೇಕು ಎಂದರೆ ಅತ್ತೆ ನಂಬಲಿಲ್ಲ. ಮಾದರಿಗೆಂದು ಕಟ್ಟಿದ್ದ ಎಂಟು ಸಣ್ಣ ಲಾಡುಗಳನ್ನು ಪುಡಿಮಾಡಿ ಅವರ ಎದುರಿಗೇ ಒಂದು ದೊಡ್ಡದು ಕಟ್ಟಿದೆ. ಅಳೆದರೆ ನಾಲ್ಕು ಅಂಗುಲ. ಅತ್ತೆ ಒಲೆಯ ಮುಂದೆ ಕುಸಿದು ಕೂತರು.

"ಒಪ್ಕೊಂಡ್ಬುಟ್ನಲ್ಲೇ, ಇನ್ನು ಹೆಂಗೆ ಮುಖ ತೋರ್ಸದು?"

ಅಷ್ಟಕ್ಕೇ ಸುಮ್ಮನಿದ್ದರೆ ಆಗುತ್ತಿತ್ತು. ನನಗೆ ಸುಮ್ಮನಿರಲು ಬಂದರೆ ತಾನೆ? ಒಳಗೆ ಬೆಲ್ಲದ ಪುರಿಯುಂಡೆ ಇಟ್ಟು ಮೇಲೆ ಬೂಂದಿ ಮೆತ್ತೋಣ ಎಂದೆ. ಇರುವ ಸಕ್ಕರೆ ಸಾಲಬೇಕಾದರೆ ಪುರಿಯುಂಡೆ ಮೂರೂವರೆ ಅಂಗುಲಕ್ಕಿಂತ ಚೂರು ದಪ್ಪವಿರಬೇಕು. ಹೊರಗೆ ಉಳಿಯುವುದು ಒಂದು ಬೂಂದಿಯ ದಪ್ಪ. ಅತ್ತೆ ಹಿಂದೆಮುಂದೆ ನೋಡಿದರು. "ಯಾರು ಒಡೆದು ನೋಡ್ತಾರೆ ಅತ್ತೆ?" ಅಂದೆ. ಲೆಕ್ಕ ಸರಿಹೋಯಿತೆಂಬ ಖುಷಿಯಲ್ಲಿ ನನಗೆ ಬೇರೇನೂ ಕಾಣಲಿಲ್ಲ. ನಾದಿನಿ ಪಕ್ಕದಲ್ಲೇ ಕೂತು ನಗುತ್ತಾ ಪುರಿಯುಂಡೆ ಕಟ್ಟಿಕೊಟ್ಟಳು.

ಮದುವೆಯಾದ ಮೇಲೆ ಹೆಣ್ಣಿನ ಜೊತೆ ಕೊಡಿಗೇನಹಳ್ಳಿಗೆ ಹೋದವಳು ನಾನೇ. ಅವರ ಮನೆಯಲ್ಲಿ ಲಾಡನ್ನು ಇಡಿಯಾಗಿ ಹಂಚುವುದಿಲ್ಲವಂತೆ. ನಡುಮನೆಯಲ್ಲಿ ನೆಂಟರ ಎದುರು ಅತ್ತೆಯಾದವಳು ಒಡೆದು ಚೂರು ಚೂರು ಕೊಡುವ ಪದ್ಧತಿಯಂತೆ. ಬೀಗಿತ್ತಿ ಒಂದನ್ನು ಎರಡೂ ಕೈಯಲ್ಲಿ ಎತ್ತಿದರು. "ದಪ್ಪವೇನೋ ಐತೆ, ತೂಕವೇ ಇಲ್ವಲ್ಲ" ಎಂದು ಒತ್ತಿದರು. ಪುರಿ ಅವರ ಮಡಿಲಿಗೆ, ಚಾಪೆಗೆ ಉದುರಿತು. ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಯಾರ ಕೆಲ್ಸ ಇದು? ನಿಮ್ಮಮ್ಮಂದಾ?" ಎಂದು ಸೊಸೆಯನ್ನು ಕೇಳಿದರು.

ನಾನು ಹೇಳಬೇಕಿತ್ತು. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ಸೆರಗು ಹಿಂಡುತ್ತಾ ಕೂತೆ. ತಲೆ ತಗ್ಗಿಸಿದ್ದ ಮದುಮಗಳು, "ಅಮ್ಮಂಗೆ ಗೊತ್ತಿಲ್ಲ ಅತ್ತೆ. ನಾನೇ ಮಾಡಿದ್ದು" ಅಂದಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆಗಲಾದರೂ ನಾನು ಅಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ನಾನು ಮಾಡಿದ್ದನ್ನು ಅವಳು ಉಂಡಳು.

ಗೌರಿ ಹಬ್ಬಕ್ಕೆ ಅವಳು ತವರಿಗೆ ಬಂದಳು. ತಪ್ಪಾಯಿತು ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಇದ್ದಬದ್ದ ಸಕ್ಕರೆಯಲ್ಲಿ ಎರಡಂಗುಲದ ಗಟ್ಟಿ ಲಾಡು ಕಟ್ಟಿ ಅವಳ ಎಲೆಗೆ ಹಾಕಿದೆ. ಅವಳು ಅದನ್ನು ಎರಡು ಹೋಳು ಮಾಡಿ, ಒಳಭಾಗವನ್ನು ನನ್ನ ಕಡೆಗೆ ಹಿಡಿದು ತೋರಿಸಿದಳು.

"ಯಾಕಮ್ಮ, ನನ್ನ ಮೇಲೆ ಅನುಮಾನವಾ?"

"ಅಯ್ಯೋ, ಅಂಗಲ್ಲ ಅತ್ತಿಗೆ." ಅವಳು ನಾಚಿಕೊಂಡು ಎರಡೂ ಹೋಳುಗಳನ್ನು ಎಲೆಯ ಮೇಲಿಟ್ಟಳು. "ಅಲ್ಲಿ ನಾನು ಮುದ್ದೆ ಬಡಿಸಿದ್ರೂ ಮೊದ್ಲು ನಮ್ಮತ್ತೆಗೆ ಮುರಿದು ತೋರ್ಸ್ಬೇಕು. ಅದೇ ರೂಢಿ ಆಗ್ಬುಟ್ಟೈತೆ."