ನನ್ನ ದಡಿ, ಅವಳ ಮನೆಯ ಮಗ್ಗ

ಹೊಟ್ಟೆಕಿಚ್ಚು ಕೆಟ್ಟದ್ದು ಎಂದು ಎಲ್ಲರೂ ಹೇಳುತ್ತಾರೆ. ಅದು ಎಷ್ಟು ಕೆಲಸ ಮಾಡಿಸುತ್ತದೆ ಎಂದು ಯಾರೂ ಹೇಳುವುದಿಲ್ಲ. ಡಿಗ್ರಿಯ ಕೊನೆಯ ವರ್ಷ ಇಳಕಲ್ಲಿನ ಡಿಸೈನ್ ಅಂಗಡಿಯೊಂದರಲ್ಲಿ ನಾನು ಕಲಿತದ್ದರಲ್ಲಿ ಅರ್ಧ ಅಂಗಡಿಯವರು ಕಲಿಸಿದ್ದು, ಇನ್ನರ್ಧ ಪಕ್ಕದ ಕುರ್ಚಿಯವಳ ಮೇಲಿನ ಹೊಟ್ಟೆಯುರಿ ಕಲಿಸಿದ್ದು.

ಅಂಗಡಿ ಎಂದರೆ ಒಂದೇ ಖೋಲಿ, ಎರಡು ಕಂಪ್ಯೂಟರು. ಸೀರೆಯ ದಡಿಯ, ಅಂದರೆ ಅಂಚಿನ, ಚಿತ್ರವನ್ನು ಪರದೆಯ ಮೇಲೆ ಚೌಕ ಚೌಕವಾಗಿ ತುಂಬಿ, ಅದರ ಪ್ರಕಾರ ತೂತು ಹೊಡೆದ ರಟ್ಟಿನ ಕಾರ್ಡುಗಳನ್ನು ಮಗ್ಗದವರಿಗೆ ಮಾಡಿಕೊಡುವುದು ಅಲ್ಲಿನ ಕೆಲಸ. ಯಜಮಾನರನ್ನು ಕಾಕಾ ಎನ್ನುತ್ತಿದ್ದೆವು. ಬೆಳಿಗ್ಗೆ ಕಾಲೇಜು, ಮಧ್ಯಾಹ್ನದಿಂದ ಅಂಗಡಿ. ಪಕ್ಕದ ಕುರ್ಚಿಯವಳೂ ನನ್ನದೇ ಕ್ಲಾಸು, ನನ್ನ ಹಾಗೆಯೇ ಕೆಲಸ ಕಲಿಯಲು ಬಂದವಳು. ಪರೀಕ್ಷೆ ಮುಗಿದ ಮೇಲೆ ಇಬ್ಬರಲ್ಲಿ ಒಬ್ಬಳನ್ನು ಮಾತ್ರ ಖಾಯಂ ಇಟ್ಟುಕೊಳ್ಳುತ್ತೇನೆ ಎಂದು ಕಾಕಾ ಮೊದಲೇ ಹೇಳಿಬಿಟ್ಟಿದ್ದರು. ನನಗೆ ಆ ಕುರ್ಚಿ ಬೇಕೇ ಬೇಕಿತ್ತು. ಸಿಗದಿದ್ದರೆ ದಿನದ ಬಸ್ಸು ಬಿಟ್ಟು ಹುನಗುಂದದ ಹತ್ತಿರದ ನಮ್ಮೂರಲ್ಲೇ ಕೂರಬೇಕು. ಅಲ್ಲಿ ನನಗೆ ವರ ನೋಡುವುದನ್ನು ಡಿಗ್ರಿ ಮುಗಿಯುವ ತನಕ ಅಂತ ತಡೆದು ಇಟ್ಟಿದ್ದರು, ಅಷ್ಟೇ.

ಅವಳು ನೇಕಾರರ ಮಗಳು. ಮನೆ ಅಂಗಡಿಯಿಂದ ಕೂಗಳತೆಯ ದೂರ. ನಾನು ನಸುಕಿನಲ್ಲಿ ಎದ್ದು, ಕುರಿದೊಡ್ಡಿಯ ಕಸ ತೆಗೆದು, ಬಸ್ಸಿನಲ್ಲಿ ಕಂಬ ಹಿಡಿದು ನಿಂತು ಅರ್ಥಶಾಸ್ತ್ರ ಓದಿಕೊಂಡು ಬಂದರೆ, ಅವಳು ತಲೆ ಬಾಚಿ, ಹೂ ಮುಡಿದು, ಬಿಸಿ ರೊಟ್ಟಿ ತಿಂದು ನಡೆದು ಬರುತ್ತಿದ್ದಳು. ಅದಕ್ಕೂ ಉರಿದುಕೊಳ್ಳುತ್ತಿದ್ದೆ. ಅವಳ ಮಾರ್ಕ್ಸು ನನಗಿಂತ ಹೆಚ್ಚು, ಅದಕ್ಕೂ. ಕಾಕಾ ಅವಳನ್ನು ‘ನಮ್ಮ ಹುಡುಗಿ’ ಎನ್ನುತ್ತಿದ್ದರು, ನನ್ನನ್ನು ‘ಹುನಗುಂದದಾಕಿ’. ಎಲ್ಲಕ್ಕಿಂತ ಹೆಚ್ಚು ಉರಿಯುತ್ತಿದ್ದದ್ದು ಅವಳು ‘ನಮ್ಮ ಮಗ್ಗ’ ಎಂದು ಶುರುಮಾಡಿದಾಗ.

“ನಿನ್ನೆ ಬರದದ್ದು ನಮ್ಮವ್ವಗ ತೋರ್ಸಿದೆ. ಈ ಎಳಿ ಭಾಳ ಉದ್ದ ಬಿಟ್ಟೀದಿ, ಕೈಬಳಿಗೆ ಸಿಕ್ಕೊಂಡು ಹರೀತೈತಿ ಅಂದ್ಲು,” ಎನ್ನುತ್ತಿದ್ದಳು.

ನಮ್ಮವ್ವನಿಗೆ ತೋರಿಸಿದರೆ ಅವಳಾದರೂ ಏನು ಹೇಳಬೇಕು? ‘ಚಂದ ಐತಿ, ಲೈಟ್ ಆರ್ಸು’ ಎನ್ನುತ್ತಾಳೆ.

ಹೀಗಿರುವಾಗ ನವನಗರದಿಂದ ಒಂದು ಮದುವೆ ಮನೆಯವರು ಬಂದರು. ಮದುಮಗಳ ತಾಯಿ ಖಡಕ್ ಹೆಂಗಸು. “ಸೆರಗು ಹಳೇ ನಮೂನಿದ ಇರ್ಲಿ. ದಡಿ ಮಾತ್ರ ಯಾರೂ ಉಟ್ಟಿರಬಾರ್ದು ನೋಡ್ರಿ,” ಎಂದರು. ನಮ್ಮಿಬ್ಬರಿಗೂ ಒಂದೊಂದು ದಡಿ ಬರೆಯಲು ಕಾಕಾ ಹೇಳಿದರು. “ಯಾರದು ಮಗ್ಗಕ್ಕ ಏರ್ತೈತಿ, ಅದು ನೇಯ್ದು ಹೆಂಗ ಬರ್ತೈತಿ ನೋಡಿ ಕುರ್ಚಿದು ಠರಾಯಿಸ್ತೇನಿ.”

ಅವಳು ಮಾವಿನಕಾಯಿಯ ಬಳ್ಳಿ ಬರೆದಳು. ಅಚ್ಚುಕಟ್ಟಾಗಿತ್ತು. ಯಾರ ಮನೆಯ ಟ್ರಂಕಿನಲ್ಲಾದರೂ ಸಿಗುವಂಥದ್ದು ಎಂದು ನನಗೆ ನಾನೇ ಹೇಳಿಕೊಂಡೆ. ನಾನು ಬಾದಾಮಿಗೆ ಹೋದಾಗ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ಗುಡಿಯ ಶಿಖರವನ್ನು ಚೌಕಗಳಿಗೆ ಇಳಿಸಿದೆ. ಮೆಟ್ಟಿಲು ಮೆಟ್ಟಿಲಾಗಿ ಏರುವ ಶಿಖರಗಳ ಸಾಲು, ಎರಡು ಶಿಖರಗಳ ನಡುವೆ ಸುರುಳಿ ಸುತ್ತಿದ ಟಗರಿನ ಕೊಂಬು. ಕೊಂಬು ನಮ್ಮ ದೊಡ್ಡಿಯದು. ಅದನ್ನು ಅವಳು ಬರೆಯಲಾರಳು ಎಂಬ ಖುಷಿಯಲ್ಲಿ ಊಟದ ಡಬ್ಬಿ ತೆಗೆಯುವುದನ್ನೂ ಮರೆತೆ.

ಒಂದು ಬದಿಯ ದಡಿಯ ಪ್ರಿಂಟ್ ತೆಗೆದು ಗೋಡೆಗೆ ಹಚ್ಚಿದಾಗ ಆ ತಾಯಿ ನನ್ನದರ ಮುಂದೆ ನಿಂತುಬಿಟ್ಟರು. “ಇದ ಆಗ್ಲಿ.” ನಾನು ಓರೆಗಣ್ಣಿನಿಂದ ಅವಳನ್ನು ನೋಡಿದೆ. ಮುಖ ಹುಳ್ಳಗಾಗುತ್ತದೆ ಎಂದು ಕಾದೆ. ಅವಳು ನಗುತ್ತ ನನ್ನ ಭುಜ ಹಿಂಡಿದಳು. ಆ ಸುಖವೂ ನನಗೆ ಇಲ್ಲ.

ಮರುದಿನ ಕಾರ್ಡು ಹೊಡೆಯಲು ಕೊಡುವ ಮೊದಲು ಫೈಲು ತೆರೆದವಳು ಅವಳೇ. ಸೀರೆಗೆ ದಡಿ ಎರಡು. ಎರಡರ ಶಿಖರಗಳೂ ಸೀರೆಯ ನಡುವಿನ ಒಡಲಿನ ಕಡೆಗೇ ತಲೆ ಎತ್ತಬೇಕು. ನಾನು ಎಡಗಡೆಯದನ್ನು ಬರೆದು, ಬಲಗಡೆಗೆ ಅದನ್ನೇ ತಿರುವದೆ ನಕಲು ಮಾಡಿಟ್ಟಿದ್ದೆ. ಹಾಗೆಯೇ ನೇಯ್ದಿದ್ದರೆ ಮದುಮಗಳ ಪಾದದ ಹತ್ತಿರ ಬಾದಾಮಿಯ ಗುಡಿಗಳೆಲ್ಲ ತಲೆಕೆಳಗಾಗಿ ಜೋತಾಡುತ್ತಿದ್ದವು.

“ಏ, ಬಲಕಿನ ದಡಿ ಹೊಳ್ಳಿಸೇನಿ ನೋಡು. ಗುಡಿ ಉಲ್ಟಾ ನಿಂತಿದ್ವು,” ಎಂದಳು, ನಿನ್ನ ಓಢಣಿ ಜಾರಿದೆ ಎನ್ನುವಷ್ಟು ಸಲೀಸಾಗಿ.

“ನಾನೂ ಹೊಳ್ಳಿಸಾಕಿ ಇದ್ದೆ,” ಎಂದೆ.

“ಹೌದನ?” ಎಂದು ನಕ್ಕಳು. ಕಾಕಾನ ಮುಂದೆ ಚಕಾರ ಎತ್ತಲಿಲ್ಲ. ಅವಳು ನನ್ನ ದಡಿಯನ್ನು ಕೆಡಿಸಿದ್ದರೂ ನನಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಮನೆ, ಮಗ್ಗ, ಮಾರ್ಕ್ಸು ಎಲ್ಲ ಅವಳಿಗೆ ಕೊಟ್ಟ ದೇವರು ಒಳ್ಳೆಯತನವನ್ನಾದರೂ ನನ್ನ ಪಾಲಿಗೆ ಬಿಡಬಾರದಿತ್ತೇ?

ಸಾಲದ್ದಕ್ಕೆ ಆ ಸೀರೆ ನೇಯಲು ಹೋದದ್ದು ಅವಳ ಅವ್ವನ ಮಗ್ಗಕ್ಕೆ. ನನ್ನ ದಡಿಯನ್ನು ನೋಡಬೇಕೆಂದರೆ ನಾನು ಅವಳ ಮನೆಯ ಹೊಸ್ತಿಲು ದಾಟಬೇಕು. ಒಂದು ಭಾನುವಾರ ಮಧ್ಯಾಹ್ನ ಹೋದೆ. ಒಡಲು ಮುಗಿದು ಸೆರಗು ನಡೆದಿತ್ತು. ಅವಳ ಅವ್ವ ಮಗ್ಗದ ತಗ್ಗಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದರು.

“ಬಾ ಯವ್ವಾ, ಕುಂದ್ರು. ಸೆರಗಿನಾಗ ಅದೀನಿ, ಏಳಾಕ ಬರಂಗಿಲ್ಲ,” ಎಂದರು ಕತ್ತೆತ್ತದೆ.

ನಡುವೆ ಎದ್ದು ಬಂದು ಮತ್ತೆ ಕೂತರೆ ಎಳೆ ಬಡಿಯುವ ಏಟಿನ ಬಿಗಿ ಬದಲಾಗಿ ಬಟ್ಟೆಯಲ್ಲಿ ಅಡ್ಡಗೆರೆ ಬೀಳುತ್ತದಂತೆ. ಬೀಗರು ಬಂದಾಗಲೂ ಅವ್ವ ಸೆರಗು ಬಿಟ್ಟು ಎದ್ದಿರಲಿಲ್ಲ ಎಂದು ಅವಳು ನಗುತ್ತ ಹೇಳಿದಳು. ನಾನು ಬಗ್ಗಿ ನನ್ನ ದಡಿಯ ಮೇಲೆ ಬೆರಳಾಡಿಸಿದೆ. ಕೊಂಬು ಕೊಂಬಿನಂತೆಯೇ ಬಂದಿತ್ತು. “ಇಕಿ ಬರದದ್ದು ಬೇ,” ಎಂದು ಅವಳು ಅವ್ವನಿಗೆ ತೋರಿಸಿದಳು. “ಕೈ ಚಲೋ ಐತಿ,” ಎಂದರು ಅವರು.

ಅಷ್ಟರಲ್ಲಿ ಕಾಕಾನ ಫೋನು ಬಂತು. ನವನಗರದವರು ಮಗ್ಗದ ಮೇಲಿನ ಸೀರೆಯ ಫೋಟೋ ನೋಡಿ ಒಪ್ಪಿದ್ದರು. “ನೀ ಖಾಯಂ ಆದಿ. ಆಕಿಗೆ ನಾ ನಾಳೆ ಹೇಳ್ತೇನಿ, ನೀ ಏನೂ ಅನ್ನಬ್ಯಾಡ.” ಕಾಕಾನ ದನಿ ಫೋನಿಲ್ಲದೆಯೂ ಕೇಳುವಂಥದ್ದು. ಪಕ್ಕದಲ್ಲಿ ನಿಂತಿದ್ದ ಅವಳಿಗೆ ಎಲ್ಲವೂ ಕೇಳಿಸಿತು. “ಚಲೋ ಆತು,” ಎಂದಳು. ನೀರು ತರುತ್ತೇನೆಂದು ಒಳಗೆ ಹೋದಳು.

ನಾನು ಅಂಗಳಕ್ಕೆ ಬಂದು ನಮ್ಮವ್ವನಿಗೆ ಫೋನು ಮಾಡಿದೆ. “ಕೆಲಸ ಖಾಯಂ ಆತು ಬೇ,” ಎಂದೆ. “ಹೌದಾ? ಚಲೋ ಆತು ಬಿಡು,” ಎಂದಳು ಅವ್ವ. ಹಿಂದೆ ಕುರಿಗಳು ಒದರುತ್ತಿದ್ದವು. “ಬರೂ ಮುಂದ ಮರಿಗೆ ಹೊಟ್ಟಿ ಔಷಧ ತಗೊಂಡು ಬಾ. ಒಂದು ಉಣವಲ್ದು.” ಫೋನಿಟ್ಟಳು.

ತಿರುಗಿ ಬಂದಾಗ ಮಗ್ಗದ ಸಪ್ಪಳ ನಿಂತಿತ್ತು. ಲಾಳಿ ಎಳೆಗಳ ನಡುವೆ ಹಾಗೆಯೇ ಬಿದ್ದಿತ್ತು. ಅಡುಗೆಮನೆಯ ಬಾಗಿಲಲ್ಲಿ ಅವಳು ಅವ್ವನ ಹೆಗಲಿಗೆ ಮುಖ ಒತ್ತಿಕೊಂಡು ಬಿಕ್ಕುತ್ತಿದ್ದಳು. ಬೀಗರು ಬಂದರೂ ಸೆರಗು ಬಿಟ್ಟು ಏಳದ ಆ ಅವ್ವ ಅವಳ ಬೆನ್ನು ಸವರುತ್ತಿದ್ದರು.

ಕುರ್ಚಿ ನನ್ನದಾಗಿತ್ತು. ಅವಳು ಅಳುವುದನ್ನು ಒಮ್ಮೆಯಾದರೂ ನೋಡಬೇಕೆಂದು ವರ್ಷವಿಡೀ ಕಾದಿದ್ದೆ, ಅದನ್ನೂ ನೋಡಿದೆ. ನೋಡುತ್ತ ನಿಂತವಳಿಗೆ ಆ ಅಳುವಿನ ಮೇಲೂ ಹೊಟ್ಟೆಕಿಚ್ಚಾಯಿತು.