ನಾಲ್ಕನೆಯ ಒತ್ತಾಯ

ಕರಜ್ ಊರಿನಲ್ಲಿ ನಲವತ್ತೊಂದು ವರ್ಷ ನಾನು ರಜಾಯಿ ಹೊಲಿದಿದ್ದೇನೆ. ನನ್ನ ಗಂಡ ಬಿಲ್ಲು ಹಿಡಿದು ಹತ್ತಿ ಹಿಂಜುತ್ತಿದ್ದರು, ನಾನು ಹೊಲಿಯುತ್ತಿದ್ದೆ. ಅವರು ಹೋಗಿ ಒಂಬತ್ತು ವರ್ಷವಾಯಿತು. ಗೇಣಿಗೆ ಹನ್ನೊಂದು ಹೊಲಿಗೆ. ಹತ್ತಲ್ಲ, ಹನ್ನೆರಡೂ ಅಲ್ಲ. ಓದುಬರಹ ನನಗೆ ಅಷ್ಟಕ್ಕಷ್ಟೇ. ಆದರೆ ನುಸ್ರತ್ ಎಣಿಕೆಯಲ್ಲಿ ತಪ್ಪುವವಳಲ್ಲ ಎಂದು ನಮ್ಮ ಓಣಿಯಲ್ಲಿ ಹೆಸರಿತ್ತು. ಆ ಹೆಸರು ನನ್ನ ತಲೆಗೂ ಏರಿತ್ತು.

ಆ ಚಳಿಗಾಲ ಮೊಮ್ಮಗಳು ಹಸ್ತಿಗೆ ಹತ್ತು ತುಂಬಿತ್ತು. ದೀಜಿನ್ ಬೆಟ್ಟದಲ್ಲಿ ಮಕ್ಕಳ ಸ್ಕೀ ಪಂದ್ಯ, ಶುಕ್ರವಾರ ಮಧ್ಯಾಹ್ನ ಹನ್ನೆರಡಕ್ಕೆ. ಅವಳ ಮೊದಲ ಪಂದ್ಯ. ಒಂದು ತಿಂಗಳಿಂದ ಮನೆಯಲ್ಲಿ ಬೇರೆ ಮಾತೇ ಇರಲಿಲ್ಲ. ಎಲ್ಲ ಮಕ್ಕಳೂ ಕಿತ್ತಳೆ ಬಣ್ಣದ ಕೋಟು ಹಾಕಿರಬೇಕು, ಇಲ್ಲದವರನ್ನು ಸಾಲಿಗೆ ಸೇರಿಸುವುದಿಲ್ಲ ಎಂದು ಕೋಚ್ ಹೇಳಿದ್ದ. ಹಿಮದಲ್ಲಿ ಬಿದ್ದರೆ ದೂರದಿಂದ ಕಾಣಬೇಕಲ್ಲ.

"ಅತ್ತೆ, ಅಂಗಡೀಲಿ ಸಿಗುತ್ತೆ, ತಂದ್ಬಿಡ್ತೀನಿ" ಎಂದಳು ಸೊಸೆ ತರಾನೆ.

"ರಜಾಯಿ ಹೊಲಿಯೋಳ ಮನೇಲಿ ಅಂಗಡಿ ಕೋಟಾ? ನಾನಿನ್ನೂ ಸತ್ತಿಲ್ಲ ಕಣೇ!"

ಒಳ್ಳೆಯ ಹತ್ತಿ ತುಂಬಿ ನಾನೇ ಹೊಲಿದೆ. ಹತ್ತಿ ನೀರು ಕುಡಿಯುತ್ತದೆ, ಹಿಮವೆಂದರೆ ನೀರೇ. ನಲವತ್ತೊಂದು ವರ್ಷ ಹತ್ತಿಯ ಜೊತೆ ಬಾಳಿದವಳಿಗೆ ಇಷ್ಟು ಹೊಳೆಯಲಿಲ್ಲ.

ಶುಕ್ರವಾರ ಬೆಳಗ್ಗೆ ಚಾಲೂಸ್ ರಸ್ತೆ ಹಿಡಿದು ಹೊರಟೆವು. ಅಣೆಕಟ್ಟಿನ ಕೆರೆ ದಾಟಿದ ಮೇಲೆ, ಹೊಳೆಯ ಪಕ್ಕದಲ್ಲಿ ಕಾರು ನಿಲ್ಲಿಸಲು ಹೇಳಿದೆ. ನನ್ನ ಮಂಡಿ ಹಿಡಿದುಕೊಂಡಿತ್ತು. ಅದಕ್ಕಿಂತ ಹೆಚ್ಚಾಗಿ ಚಹಾ ಬೇಕಾಗಿತ್ತು. ಮುಂದೆ ಹಿಮದಲ್ಲಿ ಜಾರದಿರಲೆಂದು ಮಗ ಕೇವಾನ್ ಚಕ್ರಗಳಿಗೆ ಸರಪಳಿ ಕಟ್ಟಲು ಕೂತ. ಹಸ್ತಿಗೆ ಅದರಲ್ಲೂ ಕೈಹಾಕುವ ಆಸೆ. ಗ್ರೀಸ್ ತಾಗಬಾರದೆಂದು ಕೋಟು ಬಿಚ್ಚಿ ನನ್ನ ಕೈಗೆ ಕೊಟ್ಟು, "ಅಜ್ಜಿ, ಜೋಪಾನ" ಎಂದು ಓಡಿದಳು.

ಪಕ್ಕದಲ್ಲೇ ಇನ್ನೊಂದು ಕುಟುಂಬ ಜಮಖಾನ ಹಾಸಿ ಕೂತಿತ್ತು. ಗಂಡ, ಹೆಂಡತಿ, ಏಳೆಂಟು ವರ್ಷದ ಮಗಳು. ಬಿಸಿ ಬಿಸಿ ಕಾಳಿನ ಗಂಜಿ ಒಂದು ಬೋಗುಣಿ ಕಳಿಸಿದೆ. ಬೋಗುಣಿ ಹಿಂದಿರುಗಿಸಲು ಆಕೆಯೇ ಬಂದಳು. ಹೆಸರು ಇಫ್ಫತ್. ನನ್ನ ಮಡಿಲಿನ ಕೋಟು ನೋಡಿ ನಿಂತುಬಿಟ್ಟಳು.

"ಎಷ್ಟು ಚೆಂದ ಇದೆ ಅಕ್ಕಾ!"

"ಚೆಂದ ಇರೋದು ನಿಮ್ಮ ಕಣ್ಣಲ್ಲಿ. ನಿಮ್ಮೆದುರು ಇದೇನು ಮಹಾ? ತಗೊಳ್ಳಿ, ನಿಮ್ದೇ."

ಹಾಗೆ ಹೇಳಲೇಬೇಕು. ಅವರು ಬೇಡ ಎನ್ನಲೇಬೇಕು. ನಮ್ಮ ಓಣಿಯ ಲೆಕ್ಕದಲ್ಲಿ ಮೂರು ಸಲ ಕೊಡುವುದು, ಮೂರು ಸಲ ಬೇಡವೆನ್ನುವುದು. ಆಮೇಲೆ ಇಬ್ಬರೂ ನಗುವುದು, ವಸ್ತು ಇದ್ದಲ್ಲೇ ಇರುವುದು. ನಾಲ್ಕನೆಯ ಸಲ ಹೇಳಿದರೆ ಮಾತ್ರ ಅದು ಉಪಚಾರವಲ್ಲ, ನಿಜವಾದ ಕೊಡುಗೆ. ಆಗಲೂ ಬೇಡವೆಂದರೆ ಕೊಟ್ಟವರ ಮುಖಕ್ಕೆ ಹೊಡೆದ ಹಾಗೆ.

"ಅಯ್ಯೋ ಬೇಡಿ ಅಕ್ಕಾ, ನಿಮಗೇ ಇರಲಿ" ಎಂದಳು. ಒಂದಾಯಿತು. ಎರಡೂ ಆಯಿತು. ಅಷ್ಟರಲ್ಲಿ ಆಕೆ ಕೋಟಿನ ಅಂಚು ಸವರಿ, "ಇಷ್ಟು ಸಣ್ಣ ಹೊಲಿಗೆ ಮಿಷನ್ನಿಗೂ ಬರಲ್ಲ, ಯಾರ ಕೈದು ಇದು?" ಎಂದಳು. ಅಲ್ಲಿಗೆ ನನ್ನ ಎಣಿಕೆ ಹೊಳೆಗೆ ಬಿತ್ತು. ಹಿಗ್ಗಿ ಹೀರೇಕಾಯಿಯಾದವಳು ಮೂರನೆಯದನ್ನೂ ಹೇಳಿದೆ. ಅದೇ ಉಸಿರಿನಲ್ಲಿ ನಾಲ್ಕನೆಯದಾಗಿ, "ನನ್ನಾಣೆ, ತಗೊಳ್ಳಲೇಬೇಕು" ಎಂದು ಕೋಟನ್ನು ಆಕೆಯ ಕೈಯಲ್ಲಿಟ್ಟೆ.

ಆಕೆಯ ಮುಖ ಬಿಳಿಚಿತು. "ನಿಮ್ಮ ಕೈ ನೋಯದೇ ಇರ್ಲಿ ಅಕ್ಕಾ" ಎಂದು ಮೆಲ್ಲಗೆ ಉಪಕಾರ ಹೇಳಿ, ಕೋಟು ಮಡಚಿಕೊಂಡು ಹೋದಳು. ತರಾನೆಯ ಚಹಾದ ಲೋಟ ತುಟಿಯ ಹತ್ತಿರವೇ ನಿಂತಿತ್ತು.

ಕಾರು ಹೊರಟಿತು, ಎರಡು ಸುರಂಗ ದಾಟಿತು. ಮೂರನೆಯದರಲ್ಲಿ ಹಸ್ತಿ ಕೇಳಿದಳು, "ಅಜ್ಜಿ, ಕೋಟೆಲ್ಲಿ?"

ಹೇಳಿದೆ. ಸುರಂಗ ದಾಟುತ್ತಲೇ ಕೇವಾನ್ ರಸ್ತೆಯ ಪಕ್ಕಕ್ಕೆ ಕಾರು ತಂದು ನಿಲ್ಲಿಸಿ, ಹಣೆಯನ್ನು ಸ್ಟಿಯರಿಂಗಿಗೆ ಒರಗಿಸಿದ.

"ಅಮ್ಮಾ, ಮೊನ್ನೆ ಪಕ್ಕದ್ಮನೆಯೋರು ನಮ್ಮ ಫ್ರಿಜ್ ಚೆನ್ನಾಗಿದೆ ಅಂದ್ರಲ್ಲ, ಅದು ಮನೇಲಿದೆಯಾ ಇನ್ನೂ?"

"ತಮಾಷೆ ಸಾಕು ಕಣ್ರೀ, ತಿರುಗಿಸಿ" ಎಂದಳು ತರಾನೆ. "ನಾನು ಹೋಗಿ ಕೇಳ್ತೀನಿ."

"ಕೊಟ್ಟಿದ್ದನ್ನ ವಾಪಸ್ ಕೇಳೋದಾ?" ನಾನು ಕಿರುಚಿದೆ. "ನನ್ನನ್ನ ಇಲ್ಲೇ ಈ ಹಿಮದಲ್ಲಿ ಹೂತುಹಾಕಿ, ಆಮೇಲೆ ಹೋಗಿ ಕೇಳಿ!"

ಹಸ್ತಿ ಅಳಲಿಲ್ಲ. ಅತ್ತಿದ್ದರೆ ಒಂದು ಮಿಠಾಯಿ ಕೊಟ್ಟು ಸಮಾಧಾನ ಮಾಡಬಹುದಿತ್ತು. ಕಿಟಕಿಯ ಕಡೆ ತಿರುಗಿ, "ನಿನ್ನ ಕೈಗೆ ಕೊಟ್ಟಿದ್ನಲ್ಲ ಅಜ್ಜಿ" ಎಂದಳು, ಅಷ್ಟೇ.

ಎಪ್ಪತ್ತೆರಡು ವರ್ಷ ಕಾಪಾಡಿಕೊಂಡು ಬಂದ ಮಾನವನ್ನು ಒಂದು ನಿಮಿಷ ತೂಗಿ ನೋಡಿದೆ. ಹತ್ತಿಗಿಂತ ಹಗುರವಾಗಿತ್ತು.

"ತಿರುಗಿಸು ಕೇವಾನ್. ನಾನೇ ಕೇಳ್ತೀನಿ."

ನಾಲ್ಕು ತಿರುವು ಇಳಿದಿರಲಿಲ್ಲ. ಕೆಳಗಿನಿಂದ ಒಂದು ಬಿಳಿ ಕಾರು ದೀಪ ಮಿನುಗಿಸುತ್ತ, ಹಾರನ್ ಬಾರಿಸುತ್ತ ಹತ್ತಿ ಬಂತು. ಇಫ್ಫತ್‌ಳ ಗಂಡ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ಕೈಬೀಸುತ್ತಿದ್ದ. ಇಬ್ಬರೂ ಅಂಚಿಗೆ ನಿಲ್ಲಿಸಿದೆವು.

"ತಾಯೀ, ಈ ಕೋಟು ತಗೊಂಡು ನನ್ನನ್ನ ಉಳಿಸಿ!" ಎಂದ ಆತ. "ಮಗು ಕೋಟು ಕಿತ್ಕೊಂಡ್ಬಂದೆ, ಕಿತ್ಕೊಂಡ್ಬಂದೆ ಅಂತ ಇವಳು ಒಂದೇ ಸಮ ಅಳ್ತಿದಾಳೆ. ಯಾಕ್ ತಗೊಂಡೆ ಅಂದ್ರೆ, ಆಣೆ ಇಟ್ರಲ್ಲ, ಬೇಡ ಅಂತ ಹೇಗನ್ಲಿ ಅಂತ ನನಗೇ ಬೈತಾಳೆ."

"ನೀವು ಸುಮ್ನಿರ್ರೀ!" ಎಂದು ಗದರಿ ಇಫ್ಫತ್ ಕೋಟು ಹಿಡಿದು ಇಳಿದಳು. ಕಣ್ಣು ಕೆಂಪಾಗಿತ್ತು. "ತಪ್ಪು ತಿಳೀಬೇಡಿ ಅಕ್ಕಾ. ನಮ್ಮ ಹುಡುಗಿಗೆ ತುಂಬಾ ಬಿಗಿಯಾಗುತ್ತೆ."

ಅವಳ ಹುಡುಗಿ ಹಿಂದಿನ ಸೀಟಿನಲ್ಲಿ ಕೂತು ನೋಡುತ್ತಿತ್ತು. ಆ ಕೋಟಿನಲ್ಲಿ ಅಂಥ ಇಬ್ಬರು ಹುಡುಗಿಯರು ಆರಾಮಾಗಿ ಮಲಗಬಹುದಿತ್ತು. ನನ್ನ ಮಾನ ಉಳಿಸಲು ಆ ಹೆಂಗಸು ಅಂಥ ಸುಳ್ಳು ಹೇಳಿದ್ದಳು.

ಈಗ ಬೇಡ ಎನ್ನುವ ಸರದಿ ನನ್ನದು. ಬಾಯಿ ತಾನಾಗಿಯೇ ತೆರೆಯಿತು. ಹಸ್ತಿ ಹಿಂದಿನಿಂದ ನಾನು ತಲೆಗೆ ಹೊದ್ದಿದ್ದ ಚಾದರ ಹಿಡಿದು ಜಗ್ಗಿದಳು. ಒಂದು ಸಲವೂ ಬೇಡವೆನ್ನದೆ, ಗಿಡುಗ ಕೋಳಿಮರಿ ಎತ್ತಿದಂತೆ ಕೋಟು ಕಸಿದುಕೊಂಡೆ. ಆಮೇಲೆ ಆಕೆಯ ಎರಡೂ ಕೆನ್ನೆಗೆ ಮುತ್ತಿಟ್ಟೆ. ಇಬ್ಬರೂ ಅತ್ತೆವು. ಕೇವಾನ್ ಹಾರನ್ ಒತ್ತುತ್ತಲೇ ಇದ್ದ.

ಹನ್ನೆರಡಕ್ಕೆ ಏಳು ನಿಮಿಷ ಇರುವಾಗ ತಲುಪಿದೆವು. ಹಸ್ತಿ ಸಾಲಿನಲ್ಲಿ ನಿಂತಳು. ಮೊದಲ ತಿರುವಿನಲ್ಲಿ ಬಿದ್ದಳು, ಎದ್ದಳು. ಕೋಟು ಹಿಮ ಕುಡಿಯಿತು. ಮೂರನೆಯದರಲ್ಲಿ ಮತ್ತೆ ಬಿದ್ದಳು, ಅದು ಇನ್ನಷ್ಟು ಕುಡಿಯಿತು. ಒಂಬತ್ತು ಮಕ್ಕಳಲ್ಲಿ ಎಂಟನೆಯವಳಾಗಿ ಬಂದಳು. ಒಂಬತ್ತನೆಯವನ ಒಂದು ಸ್ಕೀ ದಾರಿಯಲ್ಲೇ ಕಳಚಿತ್ತು. ಆದರೂ ಗೆರೆ ದಾಟಿದ ನಮ್ಮ ಹುಡುಗಿ ಎರಡೂ ಕೈ ಎತ್ತಿ ಕೂಗಿದ ಕೂಗಿಗೆ ಬೆಟ್ಟವೇ ಓಗೊಟ್ಟಿತು.

ಕೋಚ್ ಬಂದು ಅವಳ ಭುಜ ತಟ್ಟಿದ. ಅಂಗೈ ಒದ್ದೆಯಾಯಿತು. ಕೋಟಿನ ತುದಿ ಎತ್ತಿ ತೂಕ ನೋಡಿದ.

"ಇದರೊಳಗೆ ಕುರಿ ಏನಾದ್ರೂ ಇದೆಯೇನಮ್ಮಾ? ಇದನ್ನ ಹೊತ್ಕೊಂಡು ಬಂದ್ಯಲ್ಲ, ನೀನೇ ಗಟ್ಟಿಗಿತ್ತಿ." ಮತ್ತೆ ಕಣ್ಣಿಗೆ ಹತ್ತಿರ ಹಿಡಿದ. "ಹೊಲಿಗೆ ಮಾತ್ರ ಆಹಾ, ಎಷ್ಟು..."

"ಸರ್, ಹೊಗಳಬೇಡಿ!" ಹಸ್ತಿ ಅವನಿಗೂ ನನಗೂ ನಡುವೆ ಬಂದು ನಿಂತಳು.

ನಾನು ಬಾಯಿ ತೆರೆದಿದ್ದೆನೋ ಇಲ್ಲವೋ ನೆನಪಿಲ್ಲ. ತರಾನೆ ಚಹಾದ ಜೊತೆಗಿದ್ದ ಸಕ್ಕರೆ ತುಂಡೊಂದನ್ನು ನನ್ನ ಬಾಯಿಗೆ ತುರುಕಿದಳು.