ರಮ್ಯ, ಅಭಿಜಾತ ಮತ್ತು ನನ್ನ ಕಿವಿ

ಸಿಗ್ನಲ್ ಕಡಿಮೆಯಾದಷ್ಟೂ ಮನುಷ್ಯನ ಗಂಟಲು ದೊಡ್ಡದಾಗುವುದನ್ನು ನೀವೂ ಗಮನಿಸಿರಬೇಕು. ಬಸವಕಲ್ಯಾಣದ ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲಷ್ಟೇ. ಕಾಲೇಜಿನಲ್ಲಿ ಕನ್ನಡ ಕಲಿಸುವ ನನ್ನ ತಮ್ಮ ಶರಣು ಅಲ್ಲಿ ನಿಂತು ಓಣಿಗೆಲ್ಲ ಕೇಳುವಂತೆ ಮಾತಾಡುತ್ತಾನೆ. ಕಳೆದ ವಾರ ನಾನು ಅಲ್ಲೇ ಶಾವಿಗೆ ಒಣಹಾಕುತ್ತಿದ್ದೆ. ಕದ್ದು ಕೇಳಿದೆನೆಂದರೆ ಸುಳ್ಳು. ಕಿವಿ ಮುಚ್ಚಿಕೊಳ್ಳಲಿಲ್ಲವೆಂದರೆ ನಿಜ.

"ಸಣ್ಣಾಂವ ಇದ್ದಾಗಿಂದ ರಮ್ಯದ ಹುಚ್ಚು ನನಗ," ಎಂದು ಗೆಳೆಯನಿಗೆ ಹೇಳುತ್ತಿದ್ದ. "ಈಗ ಅಭಿಜಾತದ ಕಡಿ ಮನಸ್ಸು ಹೊಂಟದ. ಎರಡನ್ನೂ ಬಿಡಾಕ ಆಗವಲ್ದು ನೋಡು."

ನಾನು ಏಳನೇ ಇಯತ್ತೆಗೇ ಪಾಟಿ ಕೆಳಗಿಟ್ಟವಳು. ರಮ್ಯಾ ಎಂಬ ಹುಡುಗಿಯರನ್ನು ಬಲ್ಲೆ. ಅಭಿಜಾತಾ ಎಂಬುದು ಹೊಸ ಫ್ಯಾಷನ್ನಿನ ಹೆಸರಿರಬೇಕು ಎಂದುಕೊಂಡೆ. 'ರಮ್ಯಾಳ' ಎನ್ನದೆ 'ರಮ್ಯದ' ಎಂದನಲ್ಲ, ಆ ವ್ಯಾಕರಣವಾದರೂ ನನ್ನನ್ನು ತಡೆಯಬೇಕಿತ್ತು. ಆದರೆ ನಮ್ಮ ಕಡೆ ಹೆಣ್ಣುಮಕ್ಕಳನ್ನೂ 'ಅದು ಬಂತು, ಇದು ಹೋಯ್ತು' ಎನ್ನುವುದೇ ರೂಢಿ.

ಅವನಿಗೆ ಹುಮನಾಬಾದಿನ ಸುವರ್ಣಾಳೊಂದಿಗೆ ಮದುವೆಯ ಮಾತು ನಡೆದು, ನಿಶ್ಚಯವೊಂದೇ ಬಾಕಿಯಿತ್ತು. ಪಾಪದ ಹುಡುಗಿಯ ಬಾಳು ಹಾಳಾಗಬಾರದೆಂದು, ತಮ್ಮನನ್ನು ಒಂದು ಮಾತೂ ಕೇಳದೆ, ಮರುದಿನವೇ ಬಸ್ಸು ಹತ್ತಿದೆ. ಅವರು ಕೊಟ್ಟ ಚಹಾ ಆರುವ ಮೊದಲೇ ಎಲ್ಲವನ್ನೂ ಒದರಿಬಿಟ್ಟಿದ್ದೆ. ಹೊಟ್ಟೆಯಲ್ಲಿ ಮಾತು ನಿಲ್ಲದಿರುವುದು ನನ್ನ ಹುಟ್ಟುರೋಗ.

ಸುವರ್ಣಾಳ ತಾಯಿಯ ಮುಖ ಕಪ್ಪಿಟ್ಟಿತು. "ಮೊದಲೇ ಎರಡು ಅದಾವಂದ್ರ, ನಮ್ಮ ಮಗಳು ಮೂರನೇದೇನ್ರಿ ಅಕ್ಕಾರ?"

ಮೂಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ಸುವರ್ಣಾ, ನನ್ನ ತಮ್ಮನ ಮಾತನ್ನು ಇದ್ದದ್ದಿದ್ದಂತೆ ಮತ್ತೊಮ್ಮೆ ಹೇಳಿಸಿಕೊಂಡಳು. ಅವಳೂ ಕನ್ನಡದಲ್ಲೇ ಎಂ.ಎ. ಮಾಡಿದವಳು. ಓಢಣಿಯಲ್ಲಿ ಮುಖ ಹುದುಗಿಸಿ ನಕ್ಕು ಮುಗಿಸಲು ಅವಳಿಗೆ ಬಹಳ ಹೊತ್ತು ಬೇಕಾಯಿತು. ಆಮೇಲೆ ನನಗೆ ತಿಳಿಸಿದಳು: ಎದೆ ತುಂಬಿ ಹೊರಚೆಲ್ಲಿದರೇನೇ ಬರಹ ಚೆಂದ ಎನ್ನುವುದು ರಮ್ಯ, ಕಂಠದವರೆಗೆ ತುಂಬಿ, ಚೆಲ್ಲದಂತೆ ಹಿಡಿದರೆ ಚೆಂದ ಎನ್ನುವುದು ಅಭಿಜಾತ, ಓದುವವರು ಈ ಎರಡರ ನಡುವೆ ಜಗಳಾಡುತ್ತಲೇ ಇರುತ್ತಾರೆ. ನಾನು ಯಾವ ಪಂಥದವಳೆಂದು ಆಕೆ ಹೇಳಲಿಲ್ಲ; ಹೇಳುವ ಅಗತ್ಯವೂ ಇರಲಿಲ್ಲ. ನಾಚಿಕೆಯಿಂದ ನೆಲ ನೋಡಿದೆ.

"ಅವ್ವಾ, ಅವು ಹುಡುಗ್ಯಾರಲ್ಲ," ಎಂದಳು ಸುವರ್ಣಾ. "ಕವಿತಾ ಅಳೆಯೋ ಎರಡು ಸೇರು."

"ಈ ಕವಿತಾ ಬ್ಯಾರೆ ಅದ ಏನು?" ಎಂದಿತು ತಾಯಿ ಜೀವ.

"ಅದ. ಅದನ್ನ ಅವರೂ ಬಿಡಂಗಿಲ್ಲ, ನಾನೂ ಬಿಡಂಗಿಲ್ಲ. ಮೂರೂ ಮಂದಿ ಒಂದೇ ಮನ್ಯಾಗ ಇರ್ತೀವಿ."

ತಾಯಿ ಅರೆಮನಸ್ಸಿನಿಂದಲೇ ನನ್ನ ಅಂಗೈಗೆ ಒಪ್ಪಿಗೆಯ ಸಕ್ಕರೆ ಹಾಕಿ, ಆ ಕವಿತಾಳನ್ನು ಮದುವೆಗೆ ಮುಂಚೆ ಒಮ್ಮೆ ನೋಡಬೇಕು ಎಂದರು. ಅಷ್ಟರಲ್ಲಿ ನನಗೆ ಎಲ್ಲ ತಿಳಿದಿತ್ತು. ಆದರೂ ತಿದ್ದದೆ, ಕರೆದುಕೊಂಡು ಬರುತ್ತೇನೆಂದು ಗಂಭೀರವಾಗಿ ತಲೆಯಾಡಿಸಿದೆ. ಮೂರ್ಖತನದಲ್ಲಿ ನನಗೂ ಒಬ್ಬ ಬೀಗತಿ ಬೇಕಲ್ಲ!